ಹಿಂಬಾಗಿಲಿಲ್ಲದ ಕೋಣೆ

ಮಂಗಳವಾರ, ಮಧ್ಯಾಹ್ನದ ಊಟವಾದ ಮೇಲೆ

ನನ್ನ ಮುದ್ದು ಪುಟ್ಟಿಗೆ ಅಮ್ಮನ ಬೊಗಸೆ ತುಂಬ ಪ್ರೀತಿ.

ನಿನ್ನ ಕಾಗದ ಬಂತು. ಹೆರಿಗೆಗೆ ಬರ್ತೀನಿ ಅಂದ್ರೆ ಬೇಡ ಅನ್ನೋ ತಾಯಿ ಲೋಕದಲ್ಲಿ ನೀನೊಬ್ಬಳೇ ಅಂತ ಚುಚ್ಚಿ ಬರೆದಿದ್ದೀಯ. ಚುಚ್ಚು, ನನಗೇನೂ ಬೇಜಾರಿಲ್ಲ. ಸುಳ್ಳು, ಬೇಜಾರಿದೆ. ನಿನಗೂ ಮಗುವಿಗೂ ಅಂತಲೇ ಕೋಣೆ ಕಟ್ಟಿಸಿದವಳು ನಾನು, ಈಗ ಬರಬೇಡ ಅನ್ನುತ್ತಿರುವವಳೂ ನಾನೇ. ಅಮ್ಮನಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡ. ಪಂಚಾಯಿತಿಯ ಜೊತೆ ಜಗಳ ಹತ್ತಿಕೊಂಡಿದೆ, ಅದನ್ನು ಬಿಡಿಸಿ ಬರೆಯುತ್ತೇನೆ, ಓದು.

ನಮ್ಮ ಅಂಗಳ ಹಾದು, ಹಿಂದಿನ ಹೊಲ ದಾಟಿ, ಗುಡ್ಡದಾಚೆ ಹೋಗುವ ಕಾಲುದಾರಿ ನಿನಗೆ ನೆನಪಿರಲೇಬೇಕು. ಅಂಗಳಕ್ಕೂ ಹೊಲಕ್ಕೂ ನಡುವೆ ಗೇಟು. ಅದರ ಮೇಲೆ ನಿಮ್ಮಪ್ಪ ಬರೆದು ತೂಗುಹಾಕಿದ್ದ ಹಲಗೆ: ತೆರೆದವರೇ ಮುಚ್ಚಿ. ದಾರಿಯಲ್ಲಿ ಹೋಗುವವರೆಲ್ಲ ಪಾಪ, ಮುಚ್ಚಿಯೇ ಹೋಗುತ್ತಿದ್ದರು. ಮುಚ್ಚಿದ್ದು ಅಡುಗೆಮನೆಯಲ್ಲಿದ್ದ ನಮಗೆ ಗೊತ್ತಾಗಲಿ ಅಂತ ಕಂಬಕ್ಕೆ ಎರಡು ಸಲ ಬಡಿಯುತ್ತಿದ್ದರು. ನೀನು ಒಳಗಿನಿಂದ ದೊಡ್ಡ ಮನುಷ್ಯಳ ಹಾಗೆ ‘ಹೂಂ’ ಅನ್ನುತ್ತಿದ್ದೆ. ಮುಚ್ಚದೆ ಹೋಗುತ್ತಿದ್ದವರು ಒಬ್ಬರೇ, ಹಲಗೆ ಬರೆದ ಮಹಾನುಭಾವರು. ಅವರ ಹಿಂದೆಯೇ ಮೇಕೆ ಹೊಲಕ್ಕೆ ನುಗ್ಗುವುದು, ನಾನು ಗಂಟಲು ಹರಿದುಕೊಳ್ಳುವುದು, ದಿನಾ ಇದೇ ಪುರಾಣ.

ಕೊನೆಯ ದಿನವೂ ಗೇಟು ತೆರೆದಿಟ್ಟೇ ಹೋದರು. ನಾನೂ ಬೈದೆ. ಗುಡ್ಡದ ಮೇಲೆ ಎದೆ ಹಿಡಿದುಕೊಂಡು ಕೂತವರು ಮತ್ತೆ ಏಳಲಿಲ್ಲ.

ಆಮೇಲೆ ಆ ದಾರಿ ಕಂಡರೇ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ. ರಸ್ತೆಯ ಕಡೆ ಮುಳ್ಳುಬೇಲಿ ಹಾಕಿಸಿದೆ. ಗೇಟಿದ್ದ ಜಾಗದಲ್ಲೇ ನಿನ್ನ ಕೋಣೆ ಎಬ್ಬಿಸಿದೆ. ಗೇಟಿನ ಕಂಬಗಳು ಗಟ್ಟಿ ಮರ, ಬಿಸಾಡಲು ಮನಸ್ಸು ಬರಲಿಲ್ಲ. ಅವನ್ನೇ ಬಾಗಿಲ ಚೌಕಟ್ಟಿಗೆ ನಿಲ್ಲಿಸಿದೆವು, ಅಗುಳಿಯೂ ಅದೇ ಹಳೆಯದು. ಅಕ್ಕ, ಎದುರುಗೋಡೆಗೂ ಒಂದು ಬಾಗಿಲು ಇಡೋಣ, ಗಾಳಿ ಆಡುತ್ತೆ ಅಂತ ಮೇಸ್ತ್ರಿ ಹೇಳಿದ. ಹೊಲದ ಧೂಳೆಲ್ಲ ಒಳಗೆ ಬಂದ್ರೆ ಗುಡಿಸೋಕೆ ನೀನು ಬರ್ತೀಯಾ ಅಂತ ಅವನ ಬಾಯಿ ಮುಚ್ಚಿಸಿದೆ. ಪಕ್ಕದ ಗೋಡೆಗೆ ಒಂದು ಗಾಜಿನ ಕಿಟಕಿ, ಅಷ್ಟೇ.

ಗುಡ್ಡ ಸುತ್ತಿಕೊಂಡು ಹೋಗಬೇಕಾದ ಜನ ಸುಮ್ಮನಿರುತ್ತಾರೆಯೇ? ಪಂಚಾಯಿತಿಗೆ ದೂರು ಕೊಟ್ಟರು. ಅಲ್ಲಿಯ ನಿಯಮ ಸರಳ. ಜನ ನಡೆಯುವವರೆಗೆ ಕಾಲುದಾರಿ ಜನರದ್ದು, ನಡೆಯುವುದು ನಿಂತರೆ ಜಮೀನಿನವರದ್ದು. ಯಾರೂ ನಡೆಯುತ್ತಿಲ್ಲ ಅಂತ ನಾನು ಉತ್ತರ ಕೊಟ್ಟೆ. ಸ್ಥಳ ನೋಡಲು ಅಧಿಕಾರಿಯೊಬ್ಬರು ಬಂದರು. ಕೈಯಿಂದ ಅಳತೆಯ ಟೇಪು ಬಿಡುವುದೇ ಇಲ್ಲ, ಅದಕ್ಕೆ ನಾನು ಟೇಪು ಸಾಹೇಬರು ಅಂತ ಹೆಸರಿಟ್ಟಿದ್ದೇನೆ. ಬೇಲಿಯಿಂದ ಕೋಣೆಯ ಬಾಗಿಲವರೆಗೆ ನೆಲ ನುಣ್ಣಗೆ ಸವೆದಿರುವುದನ್ನು ತೋರಿಸಿ, ಯಾರೂ ನಡೀದಿದ್ರೆ ಇಲ್ಲಿ ಹುಲ್ಲು ಯಾಕಮ್ಮ ಬಂದಿಲ್ಲ ಅಂದರು. ಹುಲ್ಲನ್ನೇ ಕೇಳಿ ಅಂದೆ. ಕೋಣೆಯ ಹಿಂದಕ್ಕೆ ಹೋದರು. ಅಲ್ಲಿ ದಾರಿಯಿದ್ದ ಗುರುತೇ ಇಲ್ಲ, ಸೊಂಟದೆತ್ತರ ಹುಲ್ಲು. ಅವರು ಈ ಕಡೆಗೊಮ್ಮೆ ಆ ಕಡೆಗೊಮ್ಮೆ ನೋಡಿದರು. ಬರೋರು ಬರ್ತಾನೇ ಇದ್ದಾರೆ, ಹೋಗೋರು ಹೋಗ್ತಿಲ್ಲ ಅಂತ ತಮ್ಮಷ್ಟಕ್ಕೆ ಗೊಣಗಿಕೊಂಡರು.

ನಿನ್ನ ಹತ್ತಿರ ಮುಚ್ಚುಮರೆ ಏಕೆ. ಕೋಣೆಗೆ ಸುಣ್ಣ ಬಳಿದ ವಾರದಲ್ಲೇ ಶುರುವಾಗಿತ್ತು. ಹಾಡುಹಗಲೇ ಅಗುಳಿ ಸರಿಯುವ ಸದ್ದು, ಬಾಗಿಲು ಮುಚ್ಚುವ ಸದ್ದು, ಕಂಬಕ್ಕೆ ಎರಡು ಬಡಿತ. ಹೋಗಿ ನೋಡಿದರೆ ಒಂದು ನರಪಿಳ್ಳೆಯೂ ಇಲ್ಲ. ಗಾಳಿ ಅಂದುಕೊಂಡೆ. ಗಾಳಿಗೆ ಅಷ್ಟು ಮರ್ಯಾದೆ ಎಲ್ಲಿಂದ ಬಂತು ಹೇಳು? ಒಂದು ದಿನ ಸೌಟು ಹಿಡಿದುಕೊಂಡೇ ಬಾಯಿತಪ್ಪಿ ನಾನೂ ಹೂಂ ಅಂದುಬಿಟ್ಟೆ. ಆಮೇಲೆ ಸೌಟು ಕೆಳಗಿಟ್ಟು ಅಡುಗೆಮನೆಯ ಬಾಗಿಲು ಹಾಕಿಕೊಂಡೆ.

ದಿನ ಕಳೆದಂತೆ ಕಿಟಕಿಯ ಗಾಜು ಒಳಗಿನಿಂದ ಮಂಜು ಹಿಡಿಯತೊಡಗಿತು, ಮಳೆಯಲ್ಲಿ ಕಿಕ್ಕಿರಿದ ಬಸ್ಸಿನ ಗಾಜಿನ ಹಾಗೆ. ಒಳಗೆ ಕಾಲಿಟ್ಟರೆ ಒದ್ದೆ ಬಟ್ಟೆಯ ವಾಸನೆ, ಉಸಿರಿನ ಬಿಸಿ. ಖಾಲಿ ಕೋಣೆ ಪುಟ್ಟಿ, ಆದರೂ ಭುಜ ಓರೆ ಮಾಡಿಕೊಂಡೇ ನುಗ್ಗಬೇಕು ಅನ್ನಿಸುತ್ತದೆ. ನಡುವೆ ಹಾಕಿಸಿದ್ದ ಮಂಚ ಗೋಡೆಗೆ ಒತ್ತಿಕೊಂಡಿತ್ತು. ತೊಟ್ಟಿಲನ್ನು ಯಾರೋ ಎತ್ತಿ ಮಂಚದ ಮೇಲೆ ಜೋಪಾನವಾಗಿ ಇಟ್ಟಿದ್ದರು, ಕಾಲಿಗೆ ಸಿಗದ ಹಾಗೆ. ಕೆಟ್ಟವರೇನಲ್ಲ ಅನ್ನಿಸಿತು. ದಾರಿ ಇದೆ ಅಂತ ನಂಬಿ ಬಂದವರು, ಎದುರಿಗೆ ಗೋಡೆ, ನಿಂತಿದ್ದಾರೆ.

ಟೇಪು ಸಾಹೇಬರು ಅಳತೆಗೆಂದು ಒಳಗೆ ಹೋದರು. ಸ್ವಲ್ಪ ಸರೀರಪ್ಪ ಅಂತ ಯಾರಿಗೋ ಹೇಳಿದ್ದು ನನ್ನ ಕಿವಿಗೇ ಬಿತ್ತು. ಹೊರಗೆ ಬಂದಾಗ ಮುಖ ಸುಣ್ಣದ ಗೋಡೆಯಾಗಿತ್ತು, ಟೇಪು ಒಳಗೇ ಬಿಟ್ಟು ಬಂದಿದ್ದರು. ನಡೆಯುವವರನ್ನು ತೋರಿಸಿ ಅಂತ ನಾನು ಪಂಚಾಯಿತಿ ಸಭೆಯಲ್ಲಿ ಜೋರು ಮಾಡಿದಾಗ, ನಿಯಮದಲ್ಲಿ ಜನ ಅಂತಿದೆ ಅಮ್ಮ, ಬದುಕಿರೋ ಜನ ಅಂತ ಬರೆದಿಲ್ಲ ಅಂದರು. ಯಾರೂ ನಗಲಿಲ್ಲ.

ಪಂಚಾಯಿತಿಯವರು ಕೇಳುವುದು ಇಷ್ಟೇ: ಬೇಲಿ ತೆಗೆಯಿರಿ, ಹಿಂದಿನ ಗೋಡೆಗೆ ಒಂದು ಬಾಗಿಲು ಇಡಿಸಿ, ಕೋಣೆ ನಿಮಗೇ ಇರಲಿ. ನ್ಯಾಯವಾದ ಮಾತು. ಮೇಸ್ತ್ರಿಗೆ ಅರ್ಧ ದಿನದ ಕೆಲಸ. ನಾನೂ ಒಪ್ಪಿಕೊಂಡು ಅವನಿಗೆ ಬಾ ಅಂತ ಹೇಳಿಕಳಿಸಿದ್ದೆ. ಕಳೆದ ವಾರ ಅವನು ಹಾರೆ ಹಿಡಿದು ಬಂದಾಗ ಬಾಗಿಲಿಗೆ ಅಡ್ಡ ನಿಂತು ವಾಪಸು ಕಳಿಸಿದೆ. ನನ್ನ ಜಮೀನು, ನನ್ನ ಗೋಡೆ, ಜೀವ ಹೋದರೂ ಮುಟ್ಟಗೊಡುವುದಿಲ್ಲ ಅಂತ ಪಂಚಾಯಿತಿಗೂ ತಿಳಿಸಿದ್ದೇನೆ. ಹಟಮಾರಿ ಮುದುಕಿ ಅಂತಾರೆ. ಅನ್ನಲಿ, ಅಂದವರ ಬಾಯಿ ನೋಯಲಿ.

ಅಂಥ ಕೋಣೆಯಲ್ಲಿ ಹಸುಗೂಸನ್ನು ಹೇಗೆ ಮಲಗಿಸಲಿ? ಗೋಡೆ ಹಾಗೇ ಇರುವವರೆಗೆ ನೀನು ಇಲ್ಲಿಗೆ ಬರುವಂತಿಲ್ಲ. ನಿನ್ನ ಅತ್ತೆಯ ಹತ್ತಿರವೇ ಇರು, ಅವರು ನನಗಿಂತ ಕಡಿಮೆ ಬೈಯುತ್ತಾರೆ. ನಿನ್ನ ಹೊಟ್ಟೆಯ ಮೇಲೊಮ್ಮೆ ಕೈಯಿಡಬೇಕು ಅಂತ ಎಷ್ಟು ಆಸೆಯಾಗುತ್ತದೆಯೋ ನಿನಗೆ ಗೊತ್ತಿಲ್ಲ, ಅತ್ತೂ ಆಯಿತು. ಹೆಣೆದಿಟ್ಟ ಪುಟಾಣಿ ಸ್ವೆಟರ್ ಇದರ ಜೊತೆ ಕಳಿಸುತ್ತಿದ್ದೇನೆ. ಹೊತ್ತುಹೊತ್ತಿಗೆ ಊಟ ಮಾಡು.

ನಿನ್ನದೇ ಧ್ಯಾನದಲ್ಲಿರುವ,
ಅಮ್ಮ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಮೇಸ್ತ್ರಿ ಬರಬೇಕಿದ್ದ ದಿನ ಬೆಳಿಗ್ಗೆ ಅಗುಳಿ ಸರಿದ ಸದ್ದಾಯಿತು. ಮುಚ್ಚುವ ಸದ್ದಿಗೆ ಕಾದೆ, ಬಡಿತಕ್ಕೆ ಕಾದೆ. ಎರಡೂ ಆಗಲಿಲ್ಲ. ಓಡಿಹೋಗಿ ನೋಡಿದರೆ ಬಾಗಿಲು ಹಾರುಹೊಡೆದಿತ್ತು, ಮೇಕೆ ಆಗಲೇ ಹೊಸ್ತಿಲ ಮೇಲೆ ಕಾಲಿಟ್ಟಿತ್ತು. ಬೈಗುಳ ಗಂಟಲವರೆಗೆ ಬಂತು ಪುಟ್ಟಿ, ಆಚೆ ಬರಲಿಲ್ಲ. ಗೋಡೆ ಒಡೆಸಿದರೆ ಎಲ್ಲರೂ ಗುಡ್ಡದ ಕಡೆ ಹೊರಟುಬಿಡುತ್ತಾರೆ. ಒಂದು ಸಲ ಕಳಿಸಿಕೊಟ್ಟಿದ್ದೇನೆ, ಇನ್ನೊಂದು ಸಲ ನನ್ನ ಕೈಲಾಗುವುದಿಲ್ಲ. ನೀನಾದರೂ ನನ್ನನ್ನು ಕ್ಷಮಿಸು. ಮೇಕೆಯನ್ನು ಅಟ್ಟಿ, ಬಾಗಿಲು ಎಳೆದುಕೊಂಡು, ಹೊರಗಿನಿಂದ ಅಗುಳಿ ಹಾಕಿದೆ. ಕಂಬಕ್ಕೆ ಎರಡು ಸಲ ಬಡಿದೆ.

ಒಳಗಿನಿಂದ ಹೂಂ ಅಂದರು.