ಎಂಬತ್ತು ಪರಸಿ ಹೆಚ್ಚು

ಶಹಾಬಾದ
೧೨ ಫೆಬ್ರುವರಿ ೨೦೨೫

ಪೂನಮಳ ಅಪ್ಪನಿಗೆ,

ಲುಂಬಿನಿಯ ಜೈಭೀಮ್. ನೀವು ಸೇಡಂನ ಅಕ್ಕನ ಮನೆ ಸೇರಿ ಎಂಟು ತಿಂಗಳಾಯಿತು. ಫೋನಿನಲ್ಲಿ ಹೇಳಿದರೆ ನಡುವೆಯೇ ಅತ್ತುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿರಿ.

ಚಿಂಚೋಳಿ ದಾರಿಯ ಇಳಿಜಾರಿನಲ್ಲಿ ನಮ್ಮ ಟ್ರ್ಯಾಕ್ಟರಿನ ಟ್ರಾಲಿ ತಗ್ಗಿಗೆ ಬಿದ್ದು ಹಮಾಲ ಕಲೀಮನ ಕಾಲು ಮುರಿಯಿತಲ್ಲ, ನೀವು ಬ್ರೇಕ್ ಒತ್ತುವುದು ತಡವಾಯಿತೆಂದು ಊರೆಲ್ಲ ಅಂದಿತು. ನೀವೂ ಹಾಗೇ ನಂಬಿ ಸ್ಟೇರಿಂಗ್ ಹಿಡಿಯುವುದನ್ನೇ ಬಿಟ್ಟು ಸೇಡಂಗೆ ಹೋದಿರಿ. ನಾನು ಸುಮ್ಮನಿದ್ದೆ. ಆ ಮುಂಜಾನೆ ನೀವು ಚಹಾಕ್ಕೆ ಹೋದಾಗ, ಇನ್ನೊಂದು ಟ್ರಿಪ್ಪಿನ ಖರ್ಚು ಉಳಿಯಲೆಂದು ಎಂಬತ್ತು ಪರಸಿ ಕಲ್ಲು ಹೆಚ್ಚು ಹೇರಿಸಿದವಳು ನಾನು. "ಲೋಡ್ ಭಾಳ ಕಾಣಾಕತ್ತದಲ್ಲ?" ಎಂದು ನೀವು ಕೇಳಿದಿರಿ. "ಎಣಿಸೀನಿ, ಬರೋಬರಿ ಅದ" ಎಂದೆ. ಸುಳ್ಳು ಹೇಳಿದೆ.

ಟ್ರಾಲಿ ರಿಪೇರಿಗೆ ವಾಡಿಯ ಗುಲಾಮ ದಸ್ತಗೀರ ಮಿಸ್ತ್ರಿಯ ಹತ್ತಿರ ಒಯ್ದಿದ್ದೆ. ಅವನು ಮುಂದಿನ ಪಟ್ಟಿಯ ಮೇಲಿನ ಬಣ್ಣ ಕೆರೆದಾಗ ತೂಕ ಕೆತ್ತಿದ ಒಂದು ತಗಡು ಸಿಕ್ಕಿತು. ಖಾಲಿ ಟ್ರಾಲಿ ಒಂದೂವರೆ ಟನ್, ಹೇರಿದ ಮೇಲೆ ಎಲ್ಲ ಸೇರಿ ಆರು ಟನ್ ಮೀರಬಾರದು. ನಮ್ಮ ಎರಡಡಿ ಪರಸಿ ಒಂದೊಂದು ಇಪ್ಪತ್ತೈದು ಕಿಲೋ. ಅಂದರೆ ನೂರಾ ಎಂಬತ್ತೇ ಹಿಡಿಸುತ್ತದೆ. ಅವತ್ತು ಇನ್ನೂರಾ ಅರವತ್ತಿದ್ದವು, ಎರಡು ಟನ್ ಹೆಚ್ಚು.

ಟ್ರ್ಯಾಕ್ಟರು ಆರಾಮಾಗಿ ಎಳೆಯುತ್ತಿತ್ತಲ್ಲ ಎಂದು ವಾದಿಸಿದೆ. ಮಿಸ್ತ್ರಿ ನಕ್ಕ. "ಎಳೀತದ ಅಂತ ಹೇರಬ್ಯಾಡ್ರಿ ಬಾಯಿ. ಎಳಿಯೋದು ದೊಡ್ಡದಲ್ಲ, ನಿಲ್ಸೋದು ದೊಡ್ಡದು. ಇಳಕಲಿನ್ಯಾಗ ಟ್ರಾಲಿನೇ ಟ್ರ್ಯಾಕ್ಟರಿಗಿ ದಬ್ಬತದ." ಭಾರವನ್ನೆಲ್ಲ ಹಿಂದೆ ಪೇರಿಸಿದರೆ ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಹಿಡಿತವೂ ತಪ್ಪುತ್ತದಂತೆ. ಅವತ್ತು ಹಾಗೆಯೇ ಪೇರಿಸಿದ್ದೆ.

ಕಲೀಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು, "ಭಾಯಿಗಿ ಹೇಳೀರೇನು ಭಾಬಿ?" ಎಂದ. ಇಲ್ಲ ಎಂದೆ. "ನನ್ನ ಕಾಲ ಕೂಡ್ಯದ. ಮೊದಲ ಅವರಿಗಿ ಹೇಳ್ರಿ."

ಸೋಮವಾರ ಚಿಂಚೋಳಿಯ ಶಾಲೆಯೊಂದಕ್ಕೆ ಮತ್ತೆ ಇನ್ನೂರಾ ಅರವತ್ತು ಪರಸಿ ಕೇಳಿದ್ದರು. ಪಾಲಿಶ್ ಕಾರ್ಖಾನೆಯ ಭಾಗಣ್ಣ ಒಂದೇ ಟ್ರಿಪ್‌ನಲ್ಲಿ ಮುಗಿಸಿರಿ, ಇಲ್ಲವಾದರೆ ಬೇರೆಯವರನ್ನು ಕರೆಯುತ್ತೇನೆ ಎಂದು ಹಟ ಹಿಡಿದ. "ಕರೀರಿ. ನನ್ನ ಟ್ರಾಲಿ ಮ್ಯಾಲ ನೂರಾ ಎಂಬತ್ತರ ಮ್ಯಾಲ ಒಂದು ಕಲ್ಲೂ ಏರಂಗಿಲ್ಲ" ಎಂದೆ. ಭಾರ ಗಾಲಿಗಳ ಮೇಲೆ ಸಮ ಬರುವಂತೆ, ತುಸು ಮುಂದಕ್ಕೇ ಜಗ್ಗಿ ಹೇರಿಸಿದೆ. ತೂಕದ ಕಾಟಾದ ಮೇಲೆ ನಿಂತು ತೂಗಿಸಿಕೊಂಡೇ ಗಾಡಿ ಹೊರಟಿತು. ಎರಡನೇ ಟ್ರಿಪ್ ಮಂಗಳವಾರ ಮುಗಿಯಿತು. ಭಾಗಣ್ಣ ಗೊಣಗಿದ, ಆದರೆ ಬೇರೆಯವರನ್ನು ಕರೆಯಲಿಲ್ಲ.

ನೀವು ಕ್ಷಮಿಸಬೇಕೆಂದು ಕೇಳುತ್ತಿಲ್ಲ. ಮನೆಗೆ ಬರುವುದೂ ಬಿಡುವುದೂ ನಿಮ್ಮ ಮನಸ್ಸು. ಆದರೆ ಬ್ರೇಕಿನ ಮೇಲೆ ನಿಮ್ಮ ಕಾಲು ತಡಮಾಡಲಿಲ್ಲ. ಇದನ್ನು ಕಾರ್ಖಾನೆಯಲ್ಲಿ ಎಲ್ಲರೆದುರು ಹೇಳಿದ್ದೇನೆ, ಕೇಳಿದವರಿಗೆಲ್ಲ ಹೇಳುತ್ತೇನೆ.

ನಿಮ್ಮ
ಲುಂಬಿನಿ

ತಾ.ಕ.: ಸೋಮವಾರ ಗಾಡಿ ಓಡಿಸಿದ್ದು ಯಾರೆಂದು ಮೇಲೆ ಬರೆಯಲಿಲ್ಲ. ನಾನೇ. ಲೈಸೆನ್ಸ್ ಕಳೆದ ತಿಂಗಳು ಬಂತು. ಆ ಇಳಿಜಾರು ಬರುವ ಮೊದಲೇ ಗೇರ್ ಇಳಿಸಿದೆ. ನಡುವೆ ಎಮ್ಮೆಯೊಂದು ಅಡ್ಡ ಬಂತು. ಬ್ರೇಕ್ ಒತ್ತಿದೆ. ನಿಂತಿತು.