ಕ್ಯಾಮೆರಾಗೆ ಗ್ಲೌಸು ತೊಡಿಸಿದ್ದು ಯಾರು?

ನಗರದ ಕಸ ವಿಲೇವಾರಿ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ತಾವು ನನ್ನ ಗಂಡನಿಗೆ ಕಳಿಸಿದ ನೋಟಿಸು ತಲುಪಿದೆ. ಕಸದ ಲಾರಿಯ ಹಿಂಬದಿಯ ಕ್ಯಾಮೆರಾಗೆ ರಬ್ಬರ್ ಗ್ಲೌಸು ತೊಡಿಸಿ ಅಪಘಾತಕ್ಕೆ ಕಾರಣರಾದವರು ಯಾರೆಂದು ಸೋಮವಾರದ ವಿಚಾರಣೆಯಲ್ಲಿ ಹೇಳಬೇಕು, ಹೇಳದಿದ್ದರೆ ಚಾಲಕನನ್ನೇ ಕೆಲಸದಿಂದ ತೆಗೆಯಲಾಗುವುದು ಎಂದು ಅಪ್ಪಣೆ ಕೊಡಿಸಿದ್ದೀರಿ. ಆ ಚಾಲಕ ನನ್ನ ಗಂಡ. ಅಂದು ಲಾರಿಯ ಹಿಂದೆ ನಿಂತು ಕಸ ತುಂಬುತ್ತಿದ್ದವನು, ಈಗ ಕಾಲಿಗೆ ರಾಡು ಹಾಕಿಸಿಕೊಂಡು ನಮ್ಮ ಮನೆಯ ಹೊರಕೋಣೆಯಲ್ಲಿ ಮಲಗಿರುವವನು ನನ್ನ ಒಡಹುಟ್ಟಿದ ತಮ್ಮ. ಭಾವನ ಬಾಯಿಂದಲೇ ಭಾವಮೈದುನನ ಅನ್ನಕ್ಕೆ ಕಲ್ಲು ಹಾಕಿಸುವ ಈ ಉಪಾಯ ತಮಗೆ ಹೊಳೆದದ್ದು ಯಾವ ಸಭೆಯಲ್ಲಿ? ಚಪ್ಪಾಳೆ ಬಿತ್ತೇ?

ತಾವು ಲಾರಿಯ ಹಿಂದೆ ಎಂದೂ ನಿಂತವರಲ್ಲ, ಆದ್ದರಿಂದ ಹೇಳುತ್ತೇನೆ. ಕಸ ತುಂಬುವವರಿಗೂ ಚಾಲಕನಿಗೂ ನಡುವೆ ಇರುವ ಭಾಷೆ ಅಂಗೈಯದು. ಲಾರಿಯ ಮೈಮೇಲೆ ಒಮ್ಮೆ ತಟ್ಟಿದರೆ ನಿಲ್ಲು, ಎರಡು ಸಲ ತಟ್ಟಿದರೆ ಹಿಂದೆ ಬಾ. ಕಸ ಅದುಮುವ ಯಂತ್ರದ ಗದ್ದಲದಲ್ಲಿ ಕೂಗಿದರೆ ಯಾರಿಗೂ ಕೇಳಿಸದು. ಈ ತಟ್ಟುವಿಕೆಯನ್ನೇ ನಂಬಿ ಜೀವ ಬಿಡುವುದು ಬೇಡವೆಂದು ತಾವು ಲಾರಿಯ ಹಿಂದೆ ಕ್ಯಾಮೆರಾ, ಚಾಲಕನ ಮುಂದೆ ಪುಟ್ಟ ಪರದೆ ಕೂಡಿಸಿದಿರಿ. ಸುಳ್ಳು ಹೇಳುವುದಿಲ್ಲ, ಅಂದು ನಾನು ನಿಮ್ಮನ್ನು ಬಾಯಿತುಂಬ ಹರಸಿದ್ದೆ. ಗಂಡನೂ ತಮ್ಮನೂ ಒಂದೇ ಲಾರಿಯಲ್ಲಿ ಹೋಗುವ ಮನೆ ಇದು. ಇನ್ನು ಬಾಗಿಲ ಕಡೆ ಕಣ್ಣಿಟ್ಟು ಹೊಲಿಗೆ ಮೆಷಿನ್ ತುಳಿಯುವುದು ತಪ್ಪಿತು ಎಂದುಕೊಂಡಿದ್ದೆ.

ಆದರೆ ಆ ಚಿತ್ರ ಚಾಲಕನ ಪರದೆಯಲ್ಲೇ ನಿಲ್ಲಲಿಲ್ಲ, ನಿಮ್ಮ ಕಚೇರಿಗೂ ಹೋಯಿತು. ಸಭಾಂಗಣದ ಗೋಡೆಯಗಲದ ಟಿವಿಯಲ್ಲಿ ಎಲ್ಲ ಸಿಬ್ಬಂದಿಯ ಮುಂದೆ ಅದನ್ನು ಹಾಕಿ ತೋರಿಸಿದಿರಿ. ನನ್ನ ತಮ್ಮ ಲಾರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು, ಬೂಟು ಬಿಚ್ಚಿ, ಕೊಳಚೆ ನೀರಲ್ಲಿ ನೆನೆದ ಕಾಲುಚೀಲ ಹಿಂಡುತ್ತಿದ್ದ. ಅಷ್ಟೇ. ಚಿತ್ರ ನಿಲ್ಲಿಸಿ, ಅವನ ಮುಖ ದೊಡ್ಡದು ಮಾಡಿ ಕೇಳಿದಿರಂತೆ, "ಏನಪ್ಪಾ, ಮಾವನ ಮನೆಗೆ ಬಂದಿದೀಯಾ?" ಎಲ್ಲರೂ ನಕ್ಕರು. ಜೊತೆಗೆ ಕೆಲಸ ಮಾಡುವವರೂ ನಕ್ಕರು, ನಗದೆ ಮತ್ತೇನು ಮಾಡಿಯಾರು? ಅವನು ಮನೆಗೆ ಬಂದು ತಟ್ಟೆಯ ಮುಂದೆ ಕೂತವನು ಎದ್ದುಹೋದ.

ಗ್ಲೌಸು ಬಂದದ್ದು ಆಮೇಲೆ, ಒಂದು ಲಾರಿಗಲ್ಲ, ನಿಮ್ಮ ಅಷ್ಟೂ ಲಾರಿಗಳಿಗೆ. ಕಸ ತುಂಬುವವರೇನು ಬುದ್ಧಿಯಿಲ್ಲದವರಲ್ಲ, ತಮ್ಮತಮ್ಮಲ್ಲೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಲಾರಿ ನಿಂತಾಗ ಕ್ಯಾಮೆರಾಗೆ ಗ್ಲೌಸು ತೊಡಿಸುವುದು, ಹಿಂದಕ್ಕೆ ತೆಗೆಯುವ ಮೊದಲು ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು. ಎರಡು ಗುಟುಕು ನೀರನ್ನು ನೆಮ್ಮದಿಯಾಗಿ ಕುಡಿಯಲು ಇಷ್ಟೆಲ್ಲ ಕಸರತ್ತು. ಅಂದು ಮಾರುಕಟ್ಟೆಯ ಹಿಂದಿನ ಇಕ್ಕಟ್ಟಿನ ಗಲ್ಲಿಯಲ್ಲಿ ಗ್ಲೌಸು ಕೀಳುವುದು ಮರೆತುಹೋಯಿತು. ದೊಡ್ಡ ಕಸದ ಡಬ್ಬಿಯ ಮುಚ್ಚಳ ಗಾಳಿಗೆ ಹೊಯ್ದಾಡಿ ಲಾರಿಗೆ ಎರಡು ಸಲ ಬಡಿಯಿತು. ಪರದೆ ಕಪ್ಪಾಗಿತ್ತು, ಆದರೆ ಕಪ್ಪು ಪರದೆ ನೋಡಿ ನೋಡಿ ನನ್ನ ಗಂಡನಿಗೆ ಅದು ರೂಢಿಯಾಗಿಬಿಟ್ಟಿತ್ತು. ಕಿವಿಯನ್ನು ನಂಬಿದರು, ಹಿಂದೆ ತೆಗೆದರು. ಗೋಡೆಗೂ ಲಾರಿಗೂ ನಡುವೆ ನನ್ನ ತಮ್ಮನಿದ್ದ.

ತಪ್ಪಾಗಿಲ್ಲ ಎಂದು ನಾನು ವಾದಿಸುತ್ತಿಲ್ಲ. ಆ ತಪ್ಪನ್ನು ದಿನವೂ ಊಟಕ್ಕೆ ಬಡಿಸುವವಳು ನಾನೇ. ಗಂಡ ಹೊರಕೋಣೆ ದಾಟಿ ಬರಲು ಅಂಜಿ, ಹಿತ್ತಲ ಬಾಗಿಲಿಂದ ಮನೆಯೊಳಗೆ ಬರುತ್ತಾರೆ. ನೋಟಿಸು ಬಂದ ದಿನ ಮಾತ್ರ ಆ ಕೋಣೆಗೆ ಬಂದು ನನ್ನ ತಮ್ಮನ ಹಾಸಿಗೆಯ ಬಳಿ ನಿಂತರು.

"ಗ್ಲೌಸ್ ನಾನೇ ಹಾಕ್ದೆ ಅಂತ ಹೇಳ್ಬಿಡ್ತೀನಿ ಕಣೋ."

"ಯಾರು ನಂಬ್ತಾರೆ ಭಾವ? ಸ್ಟೇರಿಂಗ್ ಬಿಟ್ಟು ನೀವು ಯಾವತ್ತು ಹಿಂದೆ ಬಂದಿದೀರಿ? ನಾನು ತಾನೇ ಹಾಕಿದ್ದು, ನಾನೇ ಹೇಳ್ತೀನಿ."

"ಕಾಲು ಹೋಗಿದ್ದು ಸಾಲ್ದಾ ನಿಂಗೆ, ಕೆಲ್ಸಾನೂ ಹೋಗ್ಬೇಕಾ?"

"ಕುಂಟನ್ನ ಹೇಗಿದ್ರೂ ಇಟ್ಕೊಳಲ್ಲ ಬಿಡಿ. ನಿಮ್ದಾದ್ರೂ ಉಳೀಲಿ."

"ಸುಮ್ನಿರ್ತೀರಾ ಇಬ್ರೂ!" ಎಂದು ನಾನು ಕೂಗಿದೆ.

ಇಷ್ಟಾದ ಮೇಲೆ ತಾವು ಕಲಿತದ್ದೇನು? ಕ್ಯಾಮೆರಾದ ಸುತ್ತ ಕಬ್ಬಿಣದ ಜಾಲರಿ ಹಾಕಿಸಿದಿರಿ, ಯಾರೂ ಮುಚ್ಚದ ಹಾಗೆ. ಭಲೇ! ಅದರ ಫಲ ನೋಡಬೇಕೆಂದರೆ ಕುರ್ಚಿ ಬಿಟ್ಟೇಳಿ, ರಸ್ತೆಗೆ ಬನ್ನಿ. ಕಸ ತುಂಬುವವರು ಈಗ ಕ್ಯಾಮೆರಾದ ಕಣ್ಣಿಗೆ ಬೀಳದ ಒಂದು ಜಾಗ ಹುಡುಕಿಕೊಂಡಿದ್ದಾರೆ. ನೀರು ಕುಡಿಯುವುದು, ಬೆನ್ನು ನೆಟ್ಟಗೆ ಮಾಡುವುದು, ಬೂಟು ಬಿಚ್ಚುವುದು ಎಲ್ಲ ಅಲ್ಲೇ. ಅದು ಯಾವ ಜಾಗ ಗೊತ್ತೇ? ಹಿಂದಿನ ಚಕ್ರದ ಮಗ್ಗುಲು. ಅಲ್ಲಿ ಕೂತವರು ಚಾಲಕನ ಕನ್ನಡಿಗೂ ಕಾಣುವುದಿಲ್ಲ, ಪರದೆಗೂ ಕಾಣುವುದಿಲ್ಲ. ಜೀವ ಉಳಿಸಲೆಂದು ತಂದ ಯಂತ್ರದಿಂದಲೇ ಅವರನ್ನು ಚಕ್ರದಡಿಗೆ ಅಟ್ಟಿದ ಕೀರ್ತಿ ತಮ್ಮದು. ಮುಂದಿನ ನೋಟಿಸಿನಲ್ಲಿ ಯಾರ ಹೆಸರು ಕೇಳುತ್ತೀರಿ, ಚಕ್ರದ್ದೇ?

ಕ್ಯಾಮೆರಾ ಕಿತ್ತುಹಾಕಿ ಎಂದು ನಾನು ಕೇಳುತ್ತಿಲ್ಲ. ಇನ್ನೊಂದು ಬೇಕು, ಚಕ್ರದ ಮಗ್ಗುಲು ಕಾಣುವಂತೆ ಅದನ್ನೂ ಹಾಕಿಸಿ. ಆದರೆ ಅದರ ಚಿತ್ರ ಲಾರಿ ಓಡಿಸುವವನ ಮುಂದೆ ಮಾತ್ರ ಇರಲಿ. ನಿಮ್ಮ ಸಭಾಂಗಣಕ್ಕೆ ಹೋಗುವುದನ್ನು ಇಂದೇ ನಿಲ್ಲಿಸಿ. ಯಾರೂ ನಗುವುದಿಲ್ಲವೆಂದು ಗೊತ್ತಾದರೆ ಯಾರೂ ಮುಚ್ಚುವುದಿಲ್ಲ. ಮತ್ತು ಆ ನೋಟಿಸನ್ನು ಹಿಂದಕ್ಕೆ ತೆಗೆದುಕೊಳ್ಳಿ.

ತೆಗೆದುಕೊಳ್ಳದಿದ್ದರೆ ಸೋಮವಾರ ಮೂವರೂ ಬರುತ್ತೇವೆ. ತಮ್ಮನನ್ನು ಅವನ ಭಾವನೇ ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಾರೆ. ಗ್ಲೌಸು ತೊಡಿಸಿದ್ದು ಯಾರೆಂದು ತಾವು ಕೇಳಿ. ಇಬ್ಬರೂ ಒಟ್ಟಿಗೆ "ನಾನು" ಅನ್ನುತ್ತಾರೆ. ಆಗ ನಿಮಗೆ ಯಾರು ಬೇಕೋ ಆರಿಸಿಕೊಳ್ಳಿ, ಆದರೆ ನನ್ನ ಮುಖ ನೋಡಿಕೊಂಡು ಆರಿಸಿ.

ಇಂತಿ,
ಯಾರ ಕೆಲಸ ಹೋದರೂ ಇಬ್ಬರಿಗೂ ಅದೇ ಒಲೆಯ ಮೇಲೆ ಬೇಯಿಸಿ ಹಾಕಬೇಕಾದ,
ಒಬ್ಬನ ಅಕ್ಕ, ಇನ್ನೊಬ್ಬರ ಹೆಂಡತಿ