ಬೋರ್ಡಿನ ಮೇಲೆ ಎರಡು ಚುಕ್ಕಿ

ಜೂನ್ 19

ಬೋರ್ಡಿಗೆ ಎರಡನೇ ಕೋಟ್ ಮುಗಿಯಿತು. ಕೈಯೆಲ್ಲ ಬಣ್ಣ. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಹೋಗಿಲ್ಲ. ದೋಣಿಗಟ್ಟೆಯ ಆಲದ ಮರಕ್ಕೇ ಕಟ್ಟಿಸಿದೆ — ಈ ದ್ವೀಪಕ್ಕೆ ಇಳಿದವರು ನೋಡದೆ ದಾಟುವ ಹಾಗಿಲ್ಲ. ಬಿಳಿ ಕಾಲು, ಅದರ ಮೇಲೆ ಎರಡು ಕೆಂಪು ಚುಕ್ಕಿ. ಕೆಳಗೆ: 'ಎರಡು ಚುಕ್ಕಿ ಕಂಡರೆ ಆಸ್ಪತ್ರೆ. ಗುರುತಿಲ್ಲದಿದ್ದರೆ ಹಾವಲ್ಲ, ಹೆದರಬೇಡಿ.' ಮಾತು ನನ್ನದೇ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಇಷ್ಟು ಚುರುಕಾಗಿ ಇರಲಿಲ್ಲ.

ಪಕ್ಕದ ಮನೆಯ ನಿಶಿಕಾಂತ ಏಣಿ ಹಿಡಿದಿದ್ದ. "ಕಾಲು ಯಾರ್ದು ಮಾಸ್ಟ್ರೇ, ನಿಮ್ದಾ? ಅದಕ್ಕೇ ಇಷ್ಟು ಸಣಕಲು." ಅವನ ಮಗಳು ಪುತುಲ್‌ಗೆ ಒಂಬತ್ತು ವರ್ಷ. ಬೋರ್ಡನ್ನು ಮೂರು ಸಲ ಗಟ್ಟಿಯಾಗಿ ಓದಿದಳು. ನಾನೇ ಕಲಿಸಿದ ಅಕ್ಷರ.

ಜೂನ್ 26

ಇಂದು ಗೆದ್ದೆ.

ಖಗೇನ್ ಕಾಕ ಇಲ್ಲಿಯ ಗುಣಿನ — ಹಾವು ಕಚ್ಚಿದವರಿಗೆ ಮಂತ್ರ ಹಾಕುವವನು. ಅವನಪ್ಪನೂ ಅದನ್ನೇ ಮಾಡುತ್ತಿದ್ದ. ಹಿತ್ತಾಳೆ ತಟ್ಟೆಗೆ ಮಂತ್ರ ಊದಿ ಬೆನ್ನಿಗೆ ಒತ್ತುತ್ತಾನೆ. ಅಂಟಿದರೆ ವಿಷ ಇದೆ, ಬಿದ್ದರೆ ಇಲ್ಲ. ಊರೆಲ್ಲ ಶಾಲೆಯ ಅಂಗಳದಲ್ಲಿ ಸೇರಿತ್ತು. ನಾನು ಅಂಗಿ ಬಿಚ್ಚಿ ಬಾಗಿ ನಿಂತೆ. ಪುತುಲ್ ಅದೇ ತಟ್ಟೆ ಒದ್ದೆ ಮಾಡಿ ಬೆನ್ನಿಗೆ ಒತ್ತಿದಳು. ಅಂಟಿತು! ಜನ ಬಿದ್ದು ಬಿದ್ದು ನಕ್ಕರು. "ಕಾಕಾ, ಮಾಸ್ಟ್ರಿಗೆ ಯಾವ ಹಾವು ಕಚ್ತು?" ಮುದುಕ ತಟ್ಟೆ ಇಸಿದುಕೊಂಡು, ಲುಂಗಿಯಲ್ಲಿ ಒರೆಸಿಕೊಂಡು ಹೊರಟುಹೋದ. ಪಾಪ ಅನ್ನಿಸಿತು. ಒಂದು ನಿಮಿಷ.

ನಿಶಿಕಾಂತ ಅಂದ: "ಇನ್ಮೇಲೆ ನೀವು ಹೇಳಿದ್ದೇ ವೇದವಾಕ್ಯ."

"ನಂದಲ್ಲಪ್ಪ, ವಿಜ್ಞಾನದ್ದು."

"ಎರಡೂ ಒಂದೇ ಬಿಡಿ."

ನಕ್ಕೆ. ತಿದ್ದಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯೇ ಆಯಿತು.

ಜುಲೈ 14, ಬೆಳಿಗ್ಗೆ 7

ನಿಶಿಕಾಂತನ ಮನೆಯಿಂದ ಈಗ ಬಂದೆ. ಪುತುಲ್‌ಗೆ ನಸುಕಿನಿಂದ ಹೊಟ್ಟೆನೋವು, ಎರಡು ಸಲ ವಾಂತಿ. ಸೆಕೆ ಎಂದು ನೆಲದ ಮೇಲೇ ಮಲಗಿದ್ದಳಂತೆ. ತಾಯಿ ಮಾಲತಿ ಹೆದರಿ ಖಗೇನ್ ಕಾಕನನ್ನು ಕರೆಸಿದ್ದಾಳೆ. ನಾನು ಹೋದಾಗ ಮಗುವಿನ ಬೆನ್ನಿಗೆ ಅದೇ ತಟ್ಟೆ.

"ಇದು ಕಾಲಾಚ್ ಹಾವು, ಮಾಸ್ಟ್ರೇ. ಕಚ್ಚಿದ್ದೇ ಗೊತ್ತಾಗಲ್ಲ. ರೆಪ್ಪೆ ನೋಡಿ, ಹೆಂಗೆ ಜೋತು ಬೀಳ್ತಿದೆ! ನನ್ ಮಂತ್ರಕ್ಕೆ ಬಗ್ಗೋದಲ್ಲ ಇದು. ಮೋಟಾರು ದೋಣಿ ತರ್ಸಿ, ಆಸ್ಪತ್ರೆಗೆ ಹಾಕ್ಕೊಂಡು ಹೋಗಿ."

"ಗುರುತೆಲ್ಲಿ ಕಾಕಾ?"

ಟಾರ್ಚ್ ಹಿಡಿದು ಅಂಗಾಲಿನಿಂದ ನೆತ್ತಿಯವರೆಗೆ ನೋಡಿದೆ. ಏನೂ ಇಲ್ಲ. "ನಿಮ್ ತಟ್ಟೆ ನನ್ ಬೆನ್ನಿಗೂ ಅಂಟಿತ್ತಲ್ವಾ?" ಅಂದೆ. ಸೇರಿದ್ದವರು ನಕ್ಕರು. ಅವನು ತಟ್ಟೆ ಚೀಲಕ್ಕೆ ಹಾಕಿಕೊಂಡ. ರೆಪ್ಪೆ? ನಿದ್ದೆಗಣ್ಣು. ರಾತ್ರಿಯೆಲ್ಲ ಹೊರಳಾಡಿದ ಮಗು. ಗ್ಯಾಸ್ ಮಾತ್ರೆ ಕೊಟ್ಟೆ, ಉಪ್ಪು-ಸಕ್ಕರೆ ನೀರು ಕುಡಿಸಲು ಹೇಳಿದೆ.

"ದೋಣಿ ಬೇಡ್ವಾ?" ನಿಶಿಕಾಂತ ಬಾಗಿಲವರೆಗೆ ಬಂದು ಕೇಳಿದ.

"ಬೇಡ."

ಆರನೇ ತರಗತಿಯ ಪೇಪರ್ ತಿದ್ದುವುದಿದೆ.

ಅದೇ ದಿನ, ಮಧ್ಯಾಹ್ನ

ಪುತುಲ್ ಹೋದಳು. ಒಂಬತ್ತಕ್ಕೆ ಉಸಿರು ಕಟ್ಟತೊಡಗಿದಾಗ ದೋಣಿಗೆ ಹಾಕಿದರಂತೆ. ಆಸ್ಪತ್ರೆಯ ದಾರಿಯ ಎರಡನೇ ನದಿ ದಾಟಿರಲಿಲ್ಲ.

ಜುಲೈ 15

ಇಲ್ಲಿ ಹಾವು ಕಚ್ಚಿ ಸತ್ತವರನ್ನು ಸುಡುವುದಿಲ್ಲ. ಬಾಳೆದಿಂಡಿನ ತೆಪ್ಪದಲ್ಲಿ ಮಲಗಿಸಿ ನದಿಗೆ ಬಿಡುತ್ತಾರೆ. ಎಲ್ಲೋ ದೂರದಲ್ಲಿ ಬಲ್ಲವರು ಯಾರಾದರೂ ಕಂಡು ಬದುಕಿಸಿಯಾರು ಎಂಬ ಆಸೆ. ಹಿತ್ತಲಿನ ಬಾಳೆಗಿಡಗಳನ್ನು ಮಾಲತಿ ತಾನೇ ಕಡಿದು ಹಾಕಿದ್ದಳು.

ನಿಶಿಕಾಂತ ಎಲ್ಲರೆದುರು ಹೇಳಿದ: "ತೆಪ್ಪ ಬೇಡ. ಮಾಸ್ಟ್ರು ಹಾವಲ್ಲ ಅಂದಿದಾರೆ." ನನ್ನ ಕಡೆ ನೋಡಿದ. ತಲೆಯಾಡಿಸಿದೆ.

ಸುಟ್ಟರು.

ಹೊರಡುವಾಗ ಮಾಲತಿ ಅಡ್ಡ ಬಂದಳು. "ಹಾವಲ್ಲ ಅಂದ್ರೆ ಮತ್ತೇನು ಮಾಸ್ಟ್ರೇ? ಕಾಯಿಲೆ ಹೆಸರಾದ್ರೂ ಹೇಳಿ." "ಏನೋ ಜ್ವರ, ಅತ್ತಿಗೆ" ಅಂದೆ. "ಮೈ ತಣ್ಣಗಿತ್ತಲ್ಲ…" ಅಂದಳು.

ಆಗಸ್ಟ್ 3

ತಡೆಯಲಾಗದೆ ಆಸ್ಪತ್ರೆಗೆ ಹೋಗಿ ಡಾಕ್ಟರಮ್ಮನನ್ನು ಕೇಳಿದೆ. ನಮ್ಮೂರ ಒಂದು ಮಗು, ಹೀಗೆ ಹೀಗೆ, ಎಂದು. ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು.

"ನೆಲದ ಮೇಲೆ ಮಲಗಿದ್ಳಾ? ರೆಪ್ಪೆ ಜೋತು ಬಿದ್ದಿತ್ತಾ?"

"ಹೌದು."

"ಕಾಲಾಚ್ ರೀ ಅದು. ಹಲ್ಲು ಅಷ್ಟು ಸಣ್ಣ, ಎಷ್ಟೋ ಸಲ ಗುರುತೇ ಇರಲ್ಲ. ಹೊಟ್ಟೆನೋವು ಅಂತಾನೇ ಬರ್ತಾರೆ. ಔಷಧಿ ಇಲ್ಲೇ ಇತ್ತಲ್ರೀ! ಯಾವ ಗುಣಿನ ತಡ ಮಾಡ್ದ?"

ಬರೆದೇಬಿಡುತ್ತೇನೆ. ಈ ಡೈರಿಯಲ್ಲಾದರೂ ಸುಳ್ಳು ಬೇಡ. ನಾನು ಹೇಳಿದ್ದು: "ಖಗೇನ್ ಅಂತ."

ಆಗಸ್ಟ್ 4

ಹೇಳಲೆಂದೇ ಹೋದೆ. ನಿಶಿಕಾಂತ ಬಲೆ ಹೆಣೆಯುತ್ತಿದ್ದ. ಮಂಡಕ್ಕಿ ತಂದಿಟ್ಟ. "ಅವಳ ಹಣೆಬರಹ. ನೀವು ಬಂದು ನೋಡಿದ್ರಲ್ಲ, ಅಷ್ಟು ಸಾಕು" ಅಂದ. ಮಂಡಕ್ಕಿ ತಿಂದೆ. ಎದ್ದು ಬಂದೆ. ನನ್ನಂಥ ಹೇಡಿ ಇನ್ನೊಬ್ಬನಿಲ್ಲ.

ಆಗಸ್ಟ್ 8

ದೋಣಿಗಟ್ಟೆಯಲ್ಲಿ ಖಗೇನ್ ಕಾಕ ಸಿಕ್ಕ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬೋರ್ಡಿನ ಕಡೆ ಗಲ್ಲ ಎತ್ತಿ ತೋರಿಸಿದ. "ಅದನ್ನ ಇಳ್ಸಿ ಮಾಸ್ಟ್ರೇ. ನಾನ್ ಹೇಳಿದ್ರೆ ಈಗ ಮಕ್ಕಳೂ ನಗ್ತಾವೆ. ನೀವು ಹೇಳಿದ್ರೆ ಕೇಳ್ತಾರೆ." ನಾಳೆ ಇಳಿಸುತ್ತೇನೆ ಅಂದೆ.

ಆಗಸ್ಟ್ 11, ಬೆಳಿಗ್ಗೆ 6:30

ಎರಡು ನಾಳೆ ಕಳೆದವು. ಇವತ್ತು ಆಗಿಯೇ ತೀರಬೇಕು. ಕಪ್ಪು ಬಣ್ಣದ ಡಬ್ಬಿ ಮೇಜಿನ ಮೇಲಿದೆ. ಮೊದಲು ನಿಶಿಕಾಂತನಿಗೆ, ಆಮೇಲೆ ಮಾಲತಿಗೆ, ಆಮೇಲೆ ಬೋರ್ಡು. ಅಲ್ಲ, ಮೊದಲು ಮಾಲತಿಗೆ. ಅವಳು ಕಾಯಿಲೆಯ ಹೆಸರು ಕೇಳಿದ್ದಳು. ಹೇಗೆ ಶುರು ಮಾಡುವುದೆಂದು ಬರೆದುಕೊಂಡರೆ ನಾಲಿಗೆ ತೊದಲಲಿಕ್ಕಿಲ್ಲ —

'ಅತ್ತಿಗೆ, ಅದು ಹಾವೇ. ಕಾಕ ಸರಿಯಾಗಿ ಹೇಳಿದ್ದ. ದೋಣಿ ಬೇಡ ಅಂದವನು ನಾನು.'

ಅಂಗಳದಲ್ಲಿ ನಿಶಿಕಾಂತನ ದನಿ. ಬೇಲಿಯಾಚೆ ಯಾರಿಗೋ ಕೂಗಿ ಹೇಳುತ್ತಿದ್ದಾನೆ, ಹೆಮ್ಮೆಯಿಂದ: "ಆಚೆ ಓಣಿ ಗೋಷ್ಠನ ಹೆಂಡ್ತಿಗೆ ನಸುಕಿಂದ ಹೊಟ್ಟೆನೋವು. ಆ ಮುದುಕ ಮತ್ತೆ ಹಾವು ಅಂತ ಬಂದಿದ್ದ, ಓಡಿಸ್ದೆ. ನಾನೇ ಟಾರ್ಚ್ ಹಿಡ್ದು ಕೈಕಾಲೆಲ್ಲ ನೋಡ್ದೆ, ಒಂದು ಚುಕ್ಕಿನೂ ಇಲ್ಲ. ದೋಣಿ ವಾಪಸ್ ಕಳ್ಸಿ ಗ್ಯಾಸ್ ಮಾತ್ರೆ ಕೊಟ್ಟು ಬಂದೆ. ಈಗ ಕಣ್ಣು ಎಳೀತಿದೆ ಅಂತ ಮಲಗಿದಾಳೆ, ಪಾಪ. ಮಾಸ್ಟ್ರು ಹೇಳಿದ್ದು ಅಂದ್ರೆ…"

ಎಷ್ಟು ಹೊತ್ತಾಯಿತು ದೋಣಿ ಹೋಗಿ? ಓಡಬೇಕು —